ಎಡುವಿನಾ ಮುಟ್ಟದ ನಾಯಿಗಳು

ಇನ್ನೂ ಪೂರ್ತಿ ಬೆಳಕಾಗಿಲ್ಲ. ಚಿಲಿಯ ದಕ್ಷಿಣದ ತುದಿ, ಮಗಾಯಾನೆಸ್ ಬಯಲಿನ ಕುರಿದೊಡ್ಡಿ. ಐವತ್ತೆಂಟರ ಎಡುವಿನಾ ಒಯಾರ್ಸೊ ಹರುಕು ಕಿವಿಯ ಕುರಿಯೊಂದನ್ನು ಮಂಡಿಗಳ ನಡುವೆ ಅದುಮಿ ಹಿಡಿದಿದ್ದಾರೆ. ಕೆಚ್ಚಲಿಗೆ ಬಾಯಿ ಹಾಕಿರುವುದು ಬಿಳಿ ನಾಯಿಮರಿ. ತಮ್ಮ ಮೈವಾಸನೆ ಅದಕ್ಕೆ ತಿಳಿಯದಿರಲೆಂದು ಎಡುವಿನಾ ಕುರಿಯ ಉಣ್ಣೆಗೆ ತಿಕ್ಕಿದ ಕೈಗವಸು ಹಾಕಿದ್ದಾರೆ. ಹಾಲು ಕುಡಿದ ಮರಿಯನ್ನು ಕುರಿ ನೆಕ್ಕತೊಡಗಿದಾಗ ಅವರು ಮುಖ ತಿರುಗಿಸುತ್ತಾರೆ.

"ಹೊಟ್ಟೆ ಉರಿಯುತ್ತೆ ಕಣ್ರೀ. ದಿನಕ್ಕೆ ಐದು ಸಲ ಕುಡಿಸೋಳು ನಾನು. ಪ್ರೀತಿಯೆಲ್ಲ ಈ ಹರುಕುಕಿವಿಗೆ."

ಇಲ್ಲಿ ಕಾವಲುನಾಯಿ ತಾನೂ ಕುರಿಯೆಂದೇ ನಂಬಿ ಬೆಳೆಯಬೇಕು. ಅದನ್ನು ಮುದ್ದು ಮಾಡುವಂತಿಲ್ಲ, ಹೆಸರಿಡುವಂತಿಲ್ಲ. ಮುದ್ದಿನ ರುಚಿ ಹತ್ತಿದ ನಾಯಿ ಮಂದೆ ಬಿಟ್ಟು ಮನೆಬಾಗಿಲಿಗೆ ಬರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಎಡುವಿನಾ ಹೀಗೆ ಬೆಳೆಸಿದ ನಾಯಿಗಳು ಮೂವತ್ತೊಂದು. ಉಣ್ಣೆಗೆ ಬಹುಮಾನ ಗೆದ್ದ ಎಸ್ಟೇಟ್ ಯಜಮಾನರ ಫೋಟೊಗಳಲ್ಲಿ ಆ ನಾಯಿಗಳಿವೆ, ಎಡುವಿನಾ ಇಲ್ಲ.

ಒಂದೇ ಸಲ ಅವರು ಸೋತರು. ಮೂವತ್ತೊಂದನೆಯದನ್ನು ತೊಡೆಯ ಮೇಲೆ ಹಾಕಿಕೊಂಡರು, ಲುಸೇರೊ ಎಂದು ಕರೆದರು. ಕಳೆದ ಚಳಿಗಾಲದಲ್ಲಿ ಹಿಮ ಬಿದ್ದಾಗ ಲುಸೇರೊ ದೊಡ್ಡಿ ಬಿಟ್ಟು ಅವರ ಬಾಗಿಲಲ್ಲಿ ಮಲಗಿತು. ಬೆಳಗ್ಗೆ ನೋಡಿದರೆ ದೊಡ್ಡಿಯೊಳಗೆ ಹದಿನೇಳು ಕುರಿ ಸತ್ತು ಬಿದ್ದಿದ್ದವು. ರಾತ್ರಿ ಬೇಲಿ ಹಾರಿ ಬಂದ ಪೂಮಾ, ಅಂದರೆ ಇಲ್ಲಿನ ದೊಡ್ಡ ಕಾಡುಬೆಕ್ಕು, ತಿಂದದ್ದು ಒಂದನ್ನು ಮಾತ್ರ.

"ತಿನ್ನದೆ ಕೊಲ್ಲೋದು ಅಂದ್ರೆ ಬರೀ ಸೊಕ್ಕು," ಎನ್ನುತ್ತಾರೆ ಗಂಡ ಬೆಲಿಸಾರಿಯೊ.

"ಸೊಕ್ಕಲ್ಲ ಮಾರಾಯ," ಎಡುವಿನಾ ಬಿಡುವುದಿಲ್ಲ. "ಉಂಡು ಮಲಗಿದ ನಮ್ಮ ಬೆಕ್ಕಿನ ಮುಂದೆ ನೂಲುಂಡೆ ಉರುಳಿಸು, ಹಾರಲ್ವಾ? ಹಸಿವು ಬೇರೆ, ಹಿಡಿಯೋ ಚಪಲ ಬೇರೆ. ಬಯಲಲ್ಲಾದ್ರೆ ಒಂದನ್ನ ಹಿಡಿಯೋಷ್ಟರಲ್ಲಿ ಉಳಿದವು ಓಡಿಹೋಗ್ತವೆ. ದೊಡ್ಡೀಲಿ ಎಲ್ಲಿಗೆ ಓಡ್ತವೆ? ಕಣ್ಣೆದುರೇ ಸುತ್ತುತ್ತಾ ಇರ್ತವೆ, ಅದು ಹಿಡೀತಾ ಇರುತ್ತೆ. ಬೇಲಿ ಹಾಕಿದೋರು ನಾವು. ನಾಯೀನ ಕೆಡಿಸಿದೋಳು ನಾನು."

ಲುಸೇರೊ ಈಗ ಪೇಟೆಯ ದರ್ಜಿಯೊಬ್ಬಳ ಮನೆಯಲ್ಲಿದೆ. ಅವಳ ಹಾಸಿಗೆಯ ಮೇಲೇ ಮಲಗುತ್ತದಂತೆ. ಆ ಸುದ್ದಿ ತಂದವರಿಗೆ ಎಡುವಿನಾ ಅಂದು ಚಹಾ ಕೂಡ ಕೊಡಲಿಲ್ಲ.

ಈ ಮರಿಯೂ ಮನೆ ಹಿಡಿದರೆ ಮುಂದಿನ ಮರಿಗಳು ಬೇರೆಯವರ ಪಾಲು ಎಂದು ಎಸ್ಟೇಟಿನ ಯಜಮಾನರು ಹೇಳಿಬಿಟ್ಟಿದ್ದಾರೆ. ಹಾಗಾಗಿ ಹೊಟ್ಟೆ ತುಂಬಿದ ಮರಿ ತೂರಾಡುತ್ತ ಬಂದು ಬೂಟು ಮೂಸಿ ಬಾಲ ಆಡಿಸಿದರೂ ಎಡುವಿನಾ ಅಲುಗಾಡದೆ ನಿಲ್ಲುತ್ತಾರೆ. ಗವಸಿನೊಳಗೆ ಬೆರಳು ಮಡಚಿಕೊಳ್ಳುತ್ತಾರೆ. ಕುರಿ ಒಮ್ಮೆ ಅರಚುತ್ತದೆ. ಮರಿ ತಿರುಗಿ ಅದರ ಹೊಟ್ಟೆಯಡಿ ಸೇರಿಕೊಳ್ಳುತ್ತದೆ.

"ನೋಡಿದ್ರಾ? ಒಳ್ಳೇ ಕಾವಲುಗಾರ ಆಗ್ತಾನೆ," ಎನ್ನುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಮರಿಯತ್ತ ಕೈ ತೋರಿಸುತ್ತಾರೆ.

"ಇದು ಮುದಿಯಾಗಿ ಕೆಲಸ ಬಿಟ್ಟ ದಿನ, ಗವಸು ತೆಗೆದು ಒಂದ್ಸಲ ತಲೆ ಸವರ್ಬೇಕು. ಅಷ್ಟು ಸಾಕು." ಕುರಿಯತ್ತ ಓರೆಗಣ್ಣಲ್ಲಿ ನೋಡುತ್ತಾರೆ. "ಅಷ್ಟೊತ್ತಿಗೆ ಅದನ್ನ ನೆಕ್ಕೋಕೆ ಇವಳೂ ಇರಲ್ಲ, ಬಿಡಿ."