ಕೆಮ್ಮಣ್ಣಿನ ಗರುಡ

ಯುದ್ಧದ ಕಾಲ, ಔಷಧಿಗೂ ಬರ. ಆಸ್ಪತ್ರೆಯ ಕಾಂಪೌಂಡರ್ ಆಗಿದ್ದ ನಾನು ಒಂದೇ ಒಂದು ಸೀಸೆ ಬಿಳಿ ಲೋಷನ್ ಇಟ್ಟುಕೊಂಡು, ದೊಡ್ಡಬಳ್ಳಾಪುರದಿಂದ ಸೈಕಲ್ ತುಳಿದು ಸಾಕಾಗಿ, ಮಾಕಳಿ ಬೆಟ್ಟದ ಕೆಳಗಿನ ಹಳ್ಳಿಗೆ ಬಂದಿದ್ದೆ. ಅಲ್ಲಿನ ರೈತ ಮುನಿಯಪ್ಪನಿಗೆ ಸರ್ಪಸುತ್ತು. ಎದೆಯಿಂದ ಬೆನ್ನಿನವರೆಗೆ ಬೊಕ್ಕೆ. ಸುತ್ತಿಕೊಂಡ ಹಾವಿನ ತಲೆ ಬಾಲ ಸೇರಿದರೆ ಸಾವೇ ಎಂಬ ಭಯದಲ್ಲಿ ಮೂರು ದಿನದಿಂದ ಅವನಿಗೆ ಊಟವಿಲ್ಲ, ನಿದ್ದೆಯಿಲ್ಲ.

"ಇದು ಪೂರ್ತಿ ಸುತ್ತೋದಿಲ್ಲಪ್ಪ, ಅರ್ಧಕ್ಕೇ ನಿಲ್ಲುತ್ತೆ. ಪುಸ್ತಕದಲ್ಲೇ ಇದೆ," ಎಂದೆ.

"ಪುಸ್ತಕಕ್ಕೆ ಗೊತ್ತು ಸ್ವಾಮಿ. ಹಾವಿಗೆ ಗೊತ್ತಾಗ್ಬೇಕಲ್ಲ?"

ಅಷ್ಟರಲ್ಲಿ ಕುಂಬಾರರ ಅಜ್ಜಿ ಕೆಮ್ಮಣ್ಣು ಕಲಸಿಕೊಂಡು ಬಂದಳು. ಅವನ ಮೈಮೇಲೆ ಬೊಕ್ಕೆಯಿಲ್ಲದ ಕಡೆ ರೆಕ್ಕೆ ಬಿಚ್ಚಿದ ಗರುಡನನ್ನು ಬರೆದಳು.

"ಕಾವಲಿಗೆ ಕೂರ್ಸಿದೀನಿ ಕಣೋ. ಇನ್ನು ತಲೆ ಬಾಲ ಹೆಂಗ್ ಸೇರ್ತವೆ? ಮಲ್ಕೊ ಮಗ."

ಮುನಿಯಪ್ಪ ಒಂದು ಬಟ್ಟಲು ಗಂಜಿ ಕುಡಿದು, ಗೋಡೆಗೆ ತಲೆಯೊರಗಿಸಿ ಕೂತಲ್ಲೇ ಗೊರಕೆ ಹೊಡೆದ.

ನಾನು ಸೀಸೆಯ ಬಿರಡೆ ತೆಗೆದೆ. "ಹಚ್ಚಪ್ಪಾ, ರೆಕ್ಕೆಗೆ ಮಾತ್ರ ತಾಗಿಸ್ಬೇಡ," ಎಂದಳು ಅಜ್ಜಿ. ಬಲು ಜೋಪಾನವಾಗಿ ಹಚ್ಚಿದೆ.

'ಲೋಷನ್ ಹಚ್ಚಲಾಯಿತು, ರೋಗಿ ನಿದ್ದೆ ಮಾಡಿದ' ಎಂದು ರಿಜಿಸ್ಟರಿನಲ್ಲಿ ಬರೆದೆ. ಎರಡೂ ನಿಜವೇ. ಯಾವುದು ಮೊದಲಾಯಿತು ಎಂದು ಯಾರೂ ಕೇಳಲಿಲ್ಲ.