ಬಂಪರಿಗೆ ಇಟ್ಟ ಬೊಟ್ಟು

"ಬಂಪರ್ ತಾನೇ, ಒಂದು ಕೋಟ್ ಹೊಡ್ದು ಕೊಡಿ" ಎನ್ನುವ ಗಿರಾಕಿಯನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಬಾನೆಟ್ಟು ತಗಡು, ಬಂಪರು ಪ್ಲಾಸ್ಟಿಕ್ಕು. ತಗಡು ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ಕು ಬೇಡದ ನೆಂಟರನ್ನು ಸಾಗಹಾಕುವ ಹಾಗೆ ಬಣ್ಣವನ್ನು ಸಾಗಹಾಕಲು ನೋಡುತ್ತದೆ. ಸಾಲದ್ದಕ್ಕೆ ಅದು ಬಾಗುತ್ತದೆ. ಒತ್ತಿದರೆ ಒಳಗೆ ಹೋಗಿ ವಾಪಸು ಬರುತ್ತದೆ. ಮೇಲಿನ ಬಣ್ಣವೂ ಜೊತೆಗೇ ಹೋಗಿ ಬರಬೇಕು, ಇಲ್ಲದಿದ್ದರೆ ಬಿರುಕು. ಅದಕ್ಕೇ ಸೋಪು ನೀರಲ್ಲಿ ತೊಳೆದು, ವಾಟರ್ ಪೇಪರಿನಲ್ಲಿ ಉಜ್ಜಿ, ಜಿಡ್ಡು ಒರೆಸಿ, ಬಣ್ಣ ಹಿಡಿದು ನಿಲ್ಲಲೆಂದು ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರು ಹೊಡೆಯಬೇಕು. ಅದರ ಮೇಲೆ ಹೊಡೆಯುವ ಎರಡನೇ ಪ್ರೈಮರಿಗೆ ಬಾಗುವ ಗುಣ ಬರಲೆಂದು ಇನ್ನೊಂದು ದ್ರವ ಬೆರೆಸಬೇಕು. ಬಣ್ಣದ ಮಾತು ಆಮೇಲೆ. ಜಿಡ್ಡು ಒರೆಸಿದ ಮೇಲಂತೂ ಬರಿಗೈಯಲ್ಲಿ ಮುಟ್ಟಬಾರದು. ಈ ಮಾತು ನಮ್ಮ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಶೆಡ್ಡು ಎಂದೆ, ನೋಡಿ, ಬಾಯಿ ಇನ್ನೂ ಹಾಗೇ ತಿರುಗುತ್ತದೆ. ಶೆಡ್ಡು ಹೂಟಗಳ್ಳಿಯಲ್ಲಿತ್ತು, ಭಾವನದು, ಎಂದರೆ ಅಕ್ಕನ ಗಂಡನದು. ತಗಡಿನ ನೆಗ್ಗು ಎತ್ತುವುದು ಅವರ ಕೆಲಸ, ಬಣ್ಣ ನನ್ನದು. ಕುಂಬಾರಕೊಪ್ಪಲಿನಲ್ಲಿ ಅವರ ಮನೆಯಲ್ಲೇ ನನ್ನ ಊಟ, ನಿದ್ರೆ. ಯಾವ ಗಿರಾಕಿ ಬಂದರೂ ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, "ಇವ್ನು ನಮ್ ಬಾಮೈದ ಸಾರ್, ಬಣ್ಣದಲ್ಲಿ ಇವ್ನ ಮೀರ್ಸೋರಿಲ್ಲ" ಎನ್ನುತ್ತಿದ್ದರು. ಆ ಬಾಮೈದ ಎನ್ನುವ ಮಾತಿಗೆ ನಾನು ಕತ್ತೆಯ ಹಾಗೆ ದುಡಿದೆ. ಸುಳ್ಳೇಕೆ, ಖುಷಿಯಿಂದಲೇ ದುಡಿದೆ.

ಒಂದು ಸಲ ಯಾದವಗಿರಿಯಿಂದ ಒಂದು ಬಿಳಿ ಕಾರು ಬಂತು. ಮುತ್ತಿನ ಹೊಳಪಿರುವ ಬಿಳಿ, ಹೊಂದಿಸುವವನ ಪ್ರಾಣ ತಿನ್ನುವ ಬಣ್ಣ. ಮುಂದಿನ ಬಂಪರು ಒಡೆದಿತ್ತು. ಹೊಸದು ಕಪ್ಪಗೆ, ಬಣ್ಣವಿಲ್ಲದೆ ಬಂದಿತ್ತು. ಕಾರಿನ ಯಜಮಾನರು ಮದುವೆಗೆ, ಪ್ರವಾಸಕ್ಕೆ ಕಾರು ಬಾಡಿಗೆಗೆ ಬಿಡುವವರು. ಈ ಕೆಲಸ ಒಪ್ಪಿಗೆಯಾದರೆ ಅವರ ಎಲ್ಲ ಕಾರೂ ನಮ್ಮಲ್ಲಿಗೇ. ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಇದೊಂದು ಸರಿಯಾಗಿ ಆಗ್ಲಿ ಕಣೋ, ಆಯುಧಪೂಜೆ ಹೊತ್ಗೆ ಬೋರ್ಡಲ್ಲಿ ನಿನ್ನೆಸ್ರೂ ಬರ್ಸ್ಬುಡ್ತೀನಿ" ಎಂದರು. ಪಾಲುದಾರ! ಅಂದು ನಾನು ಬೇರೆ ಕೆಲಸ ಮುಟ್ಟಲಿಲ್ಲ.

ಬಂಪರನ್ನು ಸ್ಟ್ಯಾಂಡಿಗೆ ಏರಿಸಿ, ತೊಳೆದು, ಉಜ್ಜಿ, ಜಿಡ್ಡು ಒರೆಸಿದ್ದೆ. ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ತಂದಳು. ಶೆಡ್ಡಿನ ಹಿಂದೆ ಹೋಗಿ ಮುದ್ದೆ ಉಂಡು ಬಂದೆ. ನೋಡಿದರೆ ಬಂಪರು ಇಟ್ಟ ಹಾಗೇ ಇತ್ತು. ಪ್ರೈಮರು ಹೊಡೆದೆ, ಬಣ್ಣ ಹೊಡೆದೆ, ಕೊನೆಗೆ ಹೊಳಪಿಗೆ ಕ್ಲಿಯರು ಹೊಡೆದೆ. ಕಾರಿಗೆ ಕೂರಿಸಿದಾಗ ಬಾನೆಟ್ಟು ಯಾವುದು, ಬಂಪರು ಯಾವುದು ಎಂದು ಬಿಸಿಲಲ್ಲೂ ಗೊತ್ತಾಗಲಿಲ್ಲ. ಯಜಮಾನರು ಭಾವನ ಕೈ ಕುಲುಕಿ ಹೋದರು.

ಹಬ್ಬ ಹತ್ತಿರ ಬಂದಾಗ ಅದೇ ಕಾರು ವಾಪಸು ಬಂತು. ವಾಟರ್ ಸರ್ವೀಸಿಗೆ ಬಿಟ್ಟಿದ್ದರಂತೆ. ನೀರಿನ ರಭಸಕ್ಕೆ ಬಂಪರಿನ ಮೂಲೆಯಲ್ಲಿ ಬಣ್ಣ ಎದ್ದು, ಅಂಗೈಯಗಲ ಕಪ್ಪು ಕಾಣುತ್ತಿತ್ತು. ಯಜಮಾನರ ಮುಖ ಗಂಟಾಗಿತ್ತು. ಮಂಡಿಯೂರಿ ಕೂತು, ಅಂಚಿನಲ್ಲಿ ನೇತಾಡುತ್ತಿದ್ದ ಚಕ್ಕೆಯೊಂದನ್ನು ಕಿತ್ತು ತಿರುಗಿಸಿದೆ. ಒಳಮೈಯ ಪ್ರೈಮರಿನ ಮೇಲೆ ಕೆಂಪಗೆ ಒಂದು ಗುರುತು. ಬೆರಳ ತುದಿಯಷ್ಟು ಗುಂಡಗೆ, ಸುತ್ತ ಒರೆಸಿದ ಗೆರೆಗಳು.

ಅಯ್ಯೋ ಅಕ್ಕಾ!

ಹೊಸದೇನು ಕಂಡರೂ ಕುಂಕುಮ ಇಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಮಿಕ್ಸಿಗೂ ಇಟ್ಟಳು, ಗ್ಯಾಸ್ ಸಿಲಿಂಡರಿಗೂ ಇಟ್ಟಳು. ಒಣ ಕುಂಕುಮ ನಿಲ್ಲುವುದಿಲ್ಲವೆಂದು, ಎಣ್ಣೆ ಹಚ್ಚಿದ ತನ್ನ ಬೈತಲೆಗೆ ಬೆರಳು ಸವರಿ, ಆ ಬೆರಳನ್ನೇ ಕುಂಕುಮದ ಪೊಟ್ಟಣಕ್ಕೆ ಅದ್ದುತ್ತಾಳೆ. ಬಂಪರಿಗೂ ಹಾಗೇ ಇಟ್ಟು, ನಾನು ರೇಗುತ್ತೇನೆಂದು ಸೆರಗಿನಲ್ಲಿ ಒರೆಸಿಬಿಟ್ಟಿದ್ದಾಳೆ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಉಳಿದ ಕೆಂಪು ಯಾರ ಕಣ್ಣಿಗೆ ಬೀಳಬೇಕು? ಕೊಬ್ಬರಿ ಎಣ್ಣೆಯ ಮೇಲೆ ಯಾವ ಪ್ರೈಮರು ನಿಂತೀತು?

ಅಕ್ಕ ಅಲ್ಲೇ ಇದ್ದಳು, ಡಬ್ಬಿ ಹಿಡಿದುಕೊಂಡು. ಚಕ್ಕೆ ನೋಡಿದಳು, ನನ್ನನ್ನು ನೋಡಿದಳು. ಅವಳಿಗೂ ತಿಳಿಯಿತು. ಈಗ ಹೇಳುತ್ತಾಳೆ ಎಂದುಕೊಂಡೆ.

ಭಾವ ಯಜಮಾನರ ಕಡೆ ತಿರುಗಿ, "ಪೇಂಟ್ರು ಎಡವಟ್ ಮಾಡವ್ರೆ ಸಾರ್. ಬೇರೆ ಪೇಂಟ್ರನ್ನ ನೋಡ್ತಿದೀನಿ" ಎಂದರು.

ಪೇಂಟ್ರು! ಬಹುವಚನ ಬೇರೆ. ಹೆಗಲ ಮೇಲೆ ಕೈಯೂ ಇಲ್ಲ, ಬಾಮೈದನೂ ಇಲ್ಲ. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ.

"ಒಸಿ ನೋಡ್ಕಂಡು ಹೊಡೀಬಾರ್ದೇನೋ?" ಎಂದಳು ನನ್ನ ಒಡಹುಟ್ಟಿದವಳು. "ಅನ್ನ ಹಾಕೋ ಕೆಲ್ಸ ಅಲ್ವಾ?"

ಚಕ್ಕೆಯನ್ನು ಜೇಬಿಗೆ ಹಾಕಿಕೊಂಡೆ. ಬಂಪರು ಬಿಚ್ಚಿ, ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಮೊದಲಿಂದ ಮಾಡಿಕೊಟ್ಟೆ. ಮತ್ತೆ ಹಾಗೇ ಹೊಂದಿತು. ಅದನ್ನು ಕೇಳುವವರು ಯಾರಿದ್ದರು? ಹಬ್ಬಕ್ಕೆ ಬೋರ್ಡು ಬಂತು, ಭಾವನ ಹೆಸರೊಂದೇ ಹೊತ್ತುಕೊಂಡು.

ಬೋರ್ಡು ಬಂದ ಸಂಜೆ ನಾನು ಬಟ್ಟೆ ಗಂಟು ಕಟ್ಟುತ್ತಿದ್ದಾಗ ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಕಣ್ಣಲ್ಲಿ ನೀರು. "ನಿಂಗೆ ಒಳ್ಳೇದಾಗ್ಲಿ ಅಂತ್ಲೇ ಇಟ್ಟಿದ್ದು ಕಣೋ. ನಾನೇ ಅಂತ ಗೊತ್ತಾದ್ರೆ ನಿಮ್ ಭಾವ ನನ್ನ ಸುಮ್ನೆ ಬುಡ್ತಾರಾ? ನೀನು ಗಂಡ್ಸು, ಕೈಯಲ್ಲಿ ಕಸುಬದೆ, ಎಲ್ಲಾದ್ರೂ ಬದುಕ್ತೀಯ. ನಾನೆಲ್ಲಿಗೋಗ್ಲಿ? ಅವ್ರಿಗೆ ಹೇಳ್ಬುಡ್ಬೇಡ, ನಿನ್ ದಮ್ಮಯ್ಯ." ಹೇಳುವುದಿಲ್ಲ ಎಂದೆ. ಪಾಪ ಅನ್ನಿಸಿತು. ಹೆದರಿದವಳ ಮೇಲೆ ಎಷ್ಟು ಕೋಪ ಮಾಡಿಕೊಳ್ಳುವುದು?

ಮಾರನೆಯ ಬೆಳಿಗ್ಗೆ ನನ್ನ ಸ್ಪ್ರೇ ಗನ್ನು ತರಲು ಶೆಡ್ಡಿಗೆ ಹೋದೆ. ಭಾವ ಒಬ್ಬರೇ ಇದ್ದರು. ಗನ್ನು ತಾವೇ ಎತ್ತಿ ಕೈಗೆ ಕೊಟ್ಟರು. ಆಮೇಲೆ ಬೇರೆಲ್ಲೋ ನೋಡುತ್ತ, "ಬೊಟ್ಟಿಟ್ಟಿದ್ದು ನಿಮ್ಮಕ್ಕ. ಅವತ್ತೇ ನೋಡ್ದೆ. ಸೆರಗಲ್ಲಿ ಒರ್ಸುದ್ಲಲ್ಲ, ಸರಿಹೋಯ್ತು ಅಂದ್ಕಂಡೆ" ಎಂದರು. "ಗಿರಾಕಿ ಮುಂದೆ ಕಟ್ಕಂಡೋಳ್ನ ಬುಟ್ಕೊಡಕ್ಕಾಯ್ತದಾ, ನೀನೇ ಹೇಳು. ನಂಗೊತ್ತು ಅಂತ ಅವ್ಳಿಗೆ ಹೇಳ್ಬೇಡ ಕಣಯ್ಯ, ಸಂಕಟಪಟ್ಕತಾಳೆ."

ನಾನು ಗನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಈಗ ಇನ್ನೊಬ್ಬರ ಶೆಡ್ಡಿನಲ್ಲಿದ್ದೇನೆ. ಅಲ್ಲಿ ಎಲ್ಲರೂ ನನ್ನನ್ನು ಪೇಂಟ್ರೇ ಎಂದೇ ಕರೆಯುತ್ತಾರೆ, ಅದು ಸರಿಯೇ. ಅಕ್ಕ ಆಗಾಗ ಫೋನು ಮಾಡುತ್ತಾಳೆ. ಊಟ ಆಯಿತಾ ಎನ್ನುತ್ತಾಳೆ, ಆಮೇಲೆ ದನಿ ತಗ್ಗಿಸಿ, "ಅವ್ರಿಗೆ ಹೇಳಿಲ್ಲ ತಾನೇ?" ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. "ನೀನು ದೇವ್ರಂಥೋನು ಕಣೋ" ಎಂದು ಫೋನು ಇಡುತ್ತಾಳೆ.