ಲ್ಯಾಬಿನ ಕೆಂಪು ಪರದೆ

ಶಿಗ್ಗಾವಿಯ ಶೀಲಾ ಕಂಪ್ಯೂಟರ್ ಕೆಲಸಕ್ಕೂ ಸಿಟ್ಟಿಗೂ ಹೆಸರಾದವಳು. ಆ ಶುಕ್ರವಾರ ಹಾನಗಲ್ಲಿನ ರಕ್ತಪರೀಕ್ಷೆಯ ಲ್ಯಾಬಿಗೆ ಬಂದು, ರೋಗಿಗಳ ವರದಿ ಕಂಡವರ ಕಣ್ಣಿಗೆ ಬೀಳದಂತೆ ಅಲ್ಲಿನ ಸರ್ವರ್‌ಗೆ ತಯಾರಾದ ಗಳಿಗೆಯಿಂದಲೇ ಜಾರಿಗೆ ಬರುವ ಸುರಕ್ಷತೆಯ ಸರ್ಟಿಫಿಕೇಟನ್ನು ತನ್ನ ಲ್ಯಾಪ್‌ಟಾಪಿನಲ್ಲೇ ತಯಾರಿಸಿ ಹಾಕಿದಳು. ಲ್ಯಾಬಿನ ಪರದೆ ಕೆಂಪಾಯಿತು: ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ. ಹೊರಗೆ ವರದಿಗೆ ಕಾದವರ ದನಿ ಏರುತ್ತಿತ್ತು. ಮತ್ತೊಂದು ಮಾಡಿ ಹಾಕಿದಳು. ಮತ್ತೆ ಅದೇ ಕೆಂಪು. ಬೆವರು ಒರೆಸಿಕೊಳ್ಳುವಾಗ ಪರದೆಯ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಹತ್ತೂಕಾಲು, ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

"ಇದರಾಗಿನ ಟೈಮ್ ಯಾರ್ ಮುಟ್ಟೀರಿ?"

ಲ್ಯಾಬಿನ ಮಾಲೀಕ ಫಕ್ಕೀರಪ್ಪ ತಲೆ ತಗ್ಗಿಸಿದ. "ತಂಗಿ, ಹತ್ತೂವರಿಗೆ ರಾಹುಕಾಲ ಸುರು ಆತು. ಹೊಸಾ ಕೆಲಸ ಅಂತ ನಾನ ಹಿಂದ ಸರಿಸೇನಿ."

ಶೀಲಾ ಹಲ್ಲು ಕಚ್ಚಿ ಸಮಯ ಸರಿಪಡಿಸಿದಳು. ವರದಿಗಳು ತೆರೆದುಕೊಂಡವು. ಫಕ್ಕೀರಪ್ಪ ಅತ್ತ ತಿರುಗಿ, ತನ್ನ ಕೈಗಡಿಯಾರದ ಮುಳ್ಳನ್ನು ಮೆಲ್ಲಗೆ ಹತ್ತೂಕಾಲಿಗೆ ತಂದು ನಿಲ್ಲಿಸಿದ.